ತಣ್ಣೀರಿನಲ್ಲಿಟ್ಟ ಕೈ

ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟಿದ ಹೆಂಗಸನ್ನು ಎಲ್ಲರೂ ರಟ್ಟಿನಕ್ಕ ಎಂದೇ ಕರೆಯುತ್ತಿದ್ದರು. ಮಾಲೀಕರೂ ಹಾಗೆಯೇ ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವರು ಆಕೆಗಿಂತ ಹದಿನಾಲ್ಕು ವರ್ಷ ದೊಡ್ಡವರಾಗಿದ್ದರೂ. ಆಕೆ ಹೊಲಿದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ತೆರೆದೇ ಇರುತ್ತಿತ್ತು, ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಆ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆಕೆಯ ಬೆರಳುಗಳು ಬೆಳಗಿನ ಹೊತ್ತು ಮಡಚಲು ಒಪ್ಪದಾದವು. ಡಾಕ್ಟರು ನೋಡಿ, ರುಮಟಾಯ್ಡ್ ಸಂಧಿವಾತ ಎಂದರು. ದೇಹದ ಕಾವಲುಗಾರರೇ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುವ ರೋಗವಿದು ಎಂದು ವಿವರಿಸಿದರು. ಅಂಥ ಕಾವಲುಗಾರರನ್ನು ತಾನು ಬೇರೆ ಕಡೆಯೂ ಕಂಡಿದ್ದೇನೆ ಎಂದಳು ರಟ್ಟಿನಕ್ಕ. ಎಕ್ಸ್‌ರೇಯಲ್ಲಿ ಬಲಗೈ ತೋರುಬೆರಳಿನ ಬುಡದ ಮೂಳೆಯ ಅಂಚಿಗೆ ಇಲಿ ಕಡಿದಷ್ಟು ಒಂದು ಕಚ್ಚು ಕಂಡಿತು. ಹೋದ ಮೂಳೆ ಮರಳಿ ಬಾರದು, ಇನ್ನಷ್ಟು ಹೋಗದಂತೆ ಕಾಯಬಹುದು. ಅದಕ್ಕಾಗಿ ದಿನವೂ ಮಾತ್ರೆ, ವರ್ಷಕ್ಕೊಮ್ಮೆ ಎಕ್ಸ್‌ರೇ, ನಡುವೆ ಸ್ಕ್ಯಾನಿಂಗ್. ಕೀಲಿನೊಳಗೆ ಉರಿಯಿದ್ದರೆ ಸ್ಕ್ಯಾನಿಂಗಿನ ಪರದೆಯ ಮೇಲೆ ಕೆಂಪು ಮೂಡುತ್ತದೆ. ಕೆಂಪು ಕಂಡರೆ ಇಂಜೆಕ್ಷನ್ ಶುರುಮಾಡಬೇಕು, ಮೂರು ತಿಂಗಳು ದಬ್ಬಳ, ಸುತ್ತಿಗೆ ಮುಟ್ಟಕೂಡದು.

ಇಂಜೆಕ್ಷನ್ನಿಗೆ ಆಕೆ ಅಂಜಲಿಲ್ಲ, ಸೂಜಿಯೊಂದಿಗೇ ಬಾಳಿದವಳು. ಅಂಜಿದ್ದು ಆ ಮೂರು ತಿಂಗಳಿಗೆ. ಅಂಟು ಹಚ್ಚಿ ಪುಸ್ತಕ ಕಟ್ಟುವ ಯಂತ್ರವೊಂದರ ಗುಣಗಾನವನ್ನು ಮಾಲೀಕರ ಅಳಿಯ ಊಟದ ಹೊತ್ತಿನಲ್ಲಿ ಆರಂಭಿಸಿದ್ದ. ತಾನೆದ್ದ ಜಾಗದಲ್ಲಿ ಯಂತ್ರ ಬಂದು ಕೂತರೆ ಅದನ್ನು ಎಬ್ಬಿಸುವವರಾರು?

ಸ್ಕ್ಯಾನಿಂಗಿನ ದಿನ ಬೆಳಿಗ್ಗೆ ಗೆಣ್ಣುಗಳು ಊದಿದ್ದವು. ಬಾಗಿದ ರಟ್ಟನ್ನು ಭಾರದಡಿ ಇಟ್ಟು, ಗಿರಾಕಿ ಬರುವ ಹೊತ್ತಿಗೆ ನೆಟ್ಟಗೆ ಮಾಡುವುದು ಆಕೆಯ ಕಸುಬಿನ ರೂಢಿ. ಅದೇ ರೂಢಿಯಂತೆ ಬೋಗುಣಿಗೆ ಮಂಜುಗಡ್ಡೆ ಸುರಿದು, ನೀರು ಹಾಕಿ, ಎರಡೂ ಕೈಗಳನ್ನು ಮುಳುಗಿಸಿ ಕುಳಿತಳು. ರಟ್ಟಿನಕ್ಕನ ಗಂಡ ತೀರಿಕೊಂಡ ಮೇಲೂ ಆಕೆಯ ಜೊತೆಗೇ ಉಳಿದಿದ್ದ ನಾದಿನಿ ಇದನ್ನು ಕಂಡಳು.

“ಏನತ್ತಿಗೆ, ಡಾಕ್ಟರಿಗೇ ಟೋಪಿ ಹಾಕೋಕೆ ಹೊರಟ್ರಾ?”

“ನೆಂಟರು ಬರ್ತಾರೆ ಅಂದ್ರೆ ಕಸ ಗುಡಿಸಲ್ವೇನೇ?”

“ಗುಡಿಸಿ ಮಂಚದ ಕೆಳಗೆ ತಳ್ಳಿದ್ರೆ ಅದಕ್ಕೆ ಗುಡಿಸೋದು ಅನ್ನಲ್ಲ.”

ರಟ್ಟಿನಕ್ಕ ಬೋಗುಣಿಗೆ ಇನ್ನಷ್ಟು ಮಂಜುಗಡ್ಡೆ ಸುರಿದಳು. ಬಸ್ಸಿನಲ್ಲಿಯೂ ನೀರು ಹೆಪ್ಪುಗಟ್ಟಿದ ಬಾಟಲಿಯೊಂದನ್ನು ಎರಡು ಕೈಯಲ್ಲಿ ಹಿಡಿದೇ ಇದ್ದಳು. ಪಕ್ಕದವರು ಒಂದು ಗುಟುಕು ಕೇಳಿದಾಗ, ಇದು ಕುಡಿಯುವುದಕ್ಕಲ್ಲ ಎಂದಳು. ಅವರು ಎದ್ದು ಬೇರೆ ಸೀಟಿಗೆ ಹೋದರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಮಬ್ಬು ಬೆಳಕಿತ್ತು. ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ಕೈಗೆ ಲೋಳೆಯಂಥದ್ದನ್ನು ಹಚ್ಚಿ, ಕೈ ಯಾಕಿಷ್ಟು ತಣ್ಣಗಿದೆ ಎಂದು ವಿಚಾರಿಸಿದರು. ಹುಟ್ಟಿದಾಗಿನಿಂದಲೂ ಹೀಗೆಯೇ ಎಂದುಬಿಟ್ಟಳು ರಟ್ಟಿನಕ್ಕ. ಪರದೆಯ ಮೇಲೆ ಬರೀ ಕಪ್ಪು ಬೂದು. ಹತ್ತು ಬೆರಳು ಹುಡುಕಿದರೂ ಕೆಂಪಿನ ಸುಳಿವಿಲ್ಲ. ಹಾಗಿದ್ದರೆ ಉರಿಯಿಲ್ಲವೆಂದು ಬರೆಯುವುದಾಗಿ ಹೇಳಿ ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು.

ಒಳ್ಳೆಯದಾದೊಡನೆ ದೇವರಿಗೆ ವಂದನೆ ಹೇಳುವುದು ಆಕೆಯ ಜೀವಮಾನದ ಅಭ್ಯಾಸ. ಕಣ್ಣು ಮುಚ್ಚಿ, ಸ್ವಾಮಿ, ನೀನು ಮಾಡಿದ ಉಪಕಾರಕ್ಕೆ, ಎಂದು ಮನದಲ್ಲೇ ತೊಡಗಿದಳು. ಅಲ್ಲಿಗೆ ಮಾತು ನಿಂತಿತು. ಉಪಕಾರ ಮಾಡಿದ್ದು ದೇವರಲ್ಲ, ಮಂಜುಗಡ್ಡೆ. ಪ್ರಿಯರೇ, ಮನುಷ್ಯರ ಮುಂದೆ ಸುಳ್ಳು ಹೇಳುವುದು ಸುಲಭ. ಅದೇ ಸುಳ್ಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಲು ಬಹಳ ಗಟ್ಟಿ ಮುಖ ಬೇಕು. ಅಷ್ಟು ಗಟ್ಟಿ ಮುಖ ರಟ್ಟಿನಕ್ಕನಿಗೆ ಇರಲಿಲ್ಲ.

“ತಾಯಿ, ಬರೀಬೇಡಿ,” ಎಂದಳು. “ಮಂಜುಗಡ್ಡೇಲಿಟ್ಟು ತಂದ ಕೈ ಇದು. ಹುಳ ಹಿಡಿದ ಪುಸ್ತಕದ ರಟ್ಟು ಮಾತ್ರ ಒರೆಸಿ ತರೋ ಗಿರಾಕಿಗಳಿಗೆ ನಾನೇ ಬಾಯಿಗೆ ಬಂದಂಗೆ ಬೈತೀನಿ.”

ಡಾಕ್ಟರಮ್ಮ ಬೈಯಲಿಲ್ಲ. ಚಳಿಗೆ ರಕ್ತನಾಳ ಕುಗ್ಗಿ ಕೆಂಪು ಅಡಗಿಕೊಳ್ಳುತ್ತದೆ, ಉರಿ ಅಡಗುವುದಿಲ್ಲ, ಅದು ಒಳಗೊಳಗೇ ಮೂಳೆ ತಿನ್ನುತ್ತಿರುತ್ತದೆ ಎಂದಷ್ಟೇ ಹೇಳಿ, ಒಂದು ಕಂಬಳಿ ಕೊಟ್ಟು ಹೊರಗಿನ ಬೆಂಚಿಗೆ ಕಳುಹಿಸಿದರು. ಅಲ್ಲಿ, ಜೊತೆಗೆ ಬಂದಿದ್ದ ನಾದಿನಿ ನಲವತ್ತು ನಿಮಿಷ ಅತ್ತಿಗೆಯ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು ಕೂತಳು. ನಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಎರಡೇ ಸಲ ಆಡಿದಳು. ಮತ್ತೆ ಒಳಗೆ ಹೋದಾಗ ಮೂರು ಗೆಣ್ಣುಗಳಲ್ಲಿ ಕೆಂಪು ಕಂಡಿತು.

ಮರುದಿನ ರಟ್ಟಿನಕ್ಕ ಮಾಲೀಕರಿಗೆ ಎಲ್ಲವನ್ನೂ ತಿಳಿಸಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿ, ನಾಲಿಗೆಗೇನೂ ಆಗಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದಳು. ಅಲ್ಲಿಂದ ಮೂರು ತಿಂಗಳು ಮುದ್ರಣಾಲಯದಲ್ಲಿ ಆಕೆಯ ಬದಲು ನಾದಿನಿ ಹೊಲಿದಳು, ರಟ್ಟಿನಕ್ಕ ಪಕ್ಕದ ಸ್ಟೂಲಿನಲ್ಲಿ ಕುಳಿತು ಹೇಳಿಕೊಟ್ಟಳು. ಸಂಧಿವಾತ ನಾಲಿಗೆಯನ್ನು ಮುಟ್ಟುವುದಿಲ್ಲವೆಂಬುದು ನಾದಿನಿಗೆ ದಿನವೂ ಮನವರಿಕೆಯಾಯಿತು. ಯಂತ್ರವೂ ಬಂತು. ಬೇಗ ಬಿಚ್ಚಿಹೋದರೆ ನಷ್ಟವಿಲ್ಲದ ಪುಸ್ತಕಗಳನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟರು.

ವರ್ಷ ಕಳೆದು, ಡಾಕ್ಟರು ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಗೆ ಒತ್ತಟ್ಟಿಗೆ ಸಿಕ್ಕಿಸಿ ಅಳೆದರು. ಕಚ್ಚು ಇದ್ದಷ್ಟೇ ಇತ್ತು, ಹೊಸದೊಂದೂ ಇರಲಿಲ್ಲ.

“ಒಂದು ವರ್ಷದಲ್ಲಿ ಏನೂ ಆಗಿಲ್ಲ,” ಎಂದರು.

ಏನೂ ಆಗದಿದ್ದುದಕ್ಕೆ ರಟ್ಟಿನಕ್ಕ ಅಲ್ಲಿಯೇ ಕಣ್ಣು ಮುಚ್ಚಿ, ಕೀಲು ಕೀಲನ್ನೂ ಹೆಸರಿಸಿ ದೇವರಿಗೆ ವಂದಿಸಿದಳು. ಕೈಯಲ್ಲಿ ಕೀಲುಗಳು ಬಹಳ. ಹೊರಗೆ ಸರದಿಯಲ್ಲಿದ್ದವರು ಬಾಗಿಲು ತಟ್ಟುವವರೆಗೆ ಡಾಕ್ಟರು ತಲೆ ಬಗ್ಗಿಸಿ ಕಾದರು.