ವಾರಂಟಿನ ಕೊನೆಯ ಕಂತು

ಆ ವಾಲ್ವ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ, ಮಾಲೀಕನ ಕುರ್ಚಿಯಲ್ಲಿ ಕೂತವನು. ಅಪ್ಪ ಕಟ್ಟಿದ ಸಣ್ಣ ಕಂಪನಿ ಅದು. ತಮ್ಮ ಆಫೀಸು ನೋಡಿಕೊಂಡರೆ, ಅಕ್ಕನದು ತಪಾಸಣೆಯ ಮೇಜು. ವಾಲ್ವಿನೊಳಗೆ ಒತ್ತಡದ ನೀರು ಬಿಟ್ಟು, ಹನಿ ಜಿನುಗುತ್ತದೆಯೇ ಎಂದು ಅಂಚಿನುದ್ದಕ್ಕೂ ಬೆರಳಾಡಿಸುವಳು. ಜಿನುಗಿದ್ದನ್ನು ಯಾರು ಎಷ್ಟು ಗೋಗರೆದರೂ ಹೊರಗೆ ಬಿಡುತ್ತಿರಲಿಲ್ಲ. ಅಕ್ಕನ ಕೈಲಿ ಪಾಸಾಗುವುದಕ್ಕಿಂತ ಸ್ವರ್ಗಕ್ಕೆ ಹೋಗುವುದು ಸುಲಭ ಎಂದು ಎರಕದವರು ನಗುತ್ತಿದ್ದರು.

ಹಳೆಯ ಕುಲುಮೆ ಕೈಕೊಟ್ಟಿತು. ಎರಕದಲ್ಲೆಲ್ಲ ಗುಳ್ಳೆ. ಹೊಸದಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ಆಗುವುದಿಲ್ಲ ಎಂದುಬಿಟ್ಟರು. ಆಗ ತಮ್ಮ ಷೇರು ವಾರಂಟಿನ ದಾರಿ ಹಿಡಿದ.

"ಇದು ಸಾಲ ಅಲ್ಲ ಅಕ್ಕ, ಮುಂದೆ ಷೇರು ತಗೊಳ್ಳೋ ಹಕ್ಕು. ಬೆಲೆ ಇವತ್ತೇ ಗೊತ್ತುಮಾಡ್ತೀವಿ. ಕಾಲು ಭಾಗ ಈಗ ಕಟ್ಟಬೇಕು, ಮಿಕ್ಕಿದ್ದು ಒಂದೂವರೆ ವರ್ಷದೊಳಗೆ. ಕಟ್ಟಿದ್ರೆ ಷೇರು, ಕಟ್ಟದಿದ್ರೆ ಮೊದಲು ಕೊಟ್ಟಿದ್ದೂ ಹೋಯ್ತು."

"ಯಾರು ಕಟ್ಟೋದು?"

"ಅರ್ಧ ನಾನು, ಅರ್ಧ ಆ ಪೈಪ್ ವ್ಯಾಪಾರದ ಸಾಹುಕಾರರು. ಇಬ್ಬರೂ ಕಟ್ಟಿದ್ರೆ, ಈಗಿರೋ ಷೇರೂ ಸೇರಿ ನಮ್ಮ ಕೈಯೇ ಮೇಲು."

"ಅವರು ಕಟ್ಟಿ, ನಿನ್ನ ಕೈಲಾಗದಿದ್ರೆ?"

ತಮ್ಮ ನಕ್ಕ. "ಆಗ ಕಂಪನಿ ಅವರದ್ದು. ನೀನು ಎಲ್ಲಿ ಹೋದ್ರೂ ತೂತು ಹುಡುಕೋಳೇ."

ಕಾಲು ಭಾಗದ ದುಡ್ಡಿನಲ್ಲಿ ಹೊಸ ಕುಲುಮೆ ಬಂತು. ಕೆಲವು ತಿಂಗಳು ಎರಕ ಕನ್ನಡಿಯಂತೆ ಬಿತ್ತು. ಅಷ್ಟರಲ್ಲಿ, ಹೆಚ್ಚಿನ ಮಾಲು ಕೊಳ್ಳುತ್ತಿದ್ದ ಗಿರಾಕಿ ಪ್ಲಾಸ್ಟಿಕ್ ವಾಲ್ವಿಗೆ ಹೊರಳಿದ. ಕುಲುಮೆ ಉರಿಯುವುದೇ ಅಪರೂಪವಾಯಿತು. ಸಂಬಳ ತಡವಾಯಿತು, ಆಮೇಲೆ ನಿಂತೇಹೋಯಿತು. ಸಾಹುಕಾರರು ಮಾತ್ರ ಗಡುವಿಗೆ ಮೊದಲೇ ಬಾಕಿ ಪಾಲು ಕಟ್ಟಿ ಷೇರು ಮಾಡಿಸಿಕೊಂಡರು.

ತಮ್ಮ ಅಕ್ಕನ ಮನೆಗೆ ಬಂದ. ಅವಳೇ ದುಡಿದು ಕೊಂಡ ಎರಡು ಕೋಣೆಯ ಮನೆ. ಕೊಟ್ಟ ಚಹಾ ಮುಟ್ಟದೆ ಕೂತ.

"ಅಕ್ಕ, ಕೇಳಬಾರದ್ದು ಕೇಳ್ತೀನಿ."

ಅವಳಿಗೆ ಆಗಲೇ ತಿಳಿದಿತ್ತು. ಹೋದ ವರ್ಷವಷ್ಟೇ ಸುಣ್ಣ ಬಳಿಸಿದ್ದ ಗೋಡೆಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. "ಅಪ್ಪನ ಕಾರ್ಖಾನೆ ಕಣೋ," ಎಂದಳು, ಅಷ್ಟೇ. ಮನೆ ಮಾರಿ, ವಾರಂಟಿನ ಕಂತಿಗೆಂದು ದುಡ್ಡನ್ನು ತಮ್ಮನ ಕೈಗಿಟ್ಟು, ಲಾಂಡ್ರಿಯೊಂದರ ಹಿಂದಿನ ಬಾಡಿಗೆ ಕೋಣೆಗೆ ಹೋದಳು.

ಗಡುವು ಮುಗಿದ ಸಂಜೆ, ವಯಸ್ಸಾದ ಎರಕದ ಮೇಸ್ತ್ರಿ ಅವಳ ಮೇಜಿನ ಹತ್ತಿರ ಬಂದ. "ಬಾಕಿ ಸಂಬಳ ಪೂರ್ತಿ ಬಂತು ಅಕ್ಕ. ಇಷ್ಟು ವರ್ಷ ದುಡಿದಿದ್ದರ ಗ್ರಾಚ್ಯುಟಿನೂ ಬಂತು. ಎಲ್ಲರಿಗೂ. ನಿಮ್ಮ ಮನೆ ಮಾರಿದ ದುಡ್ಡಂತಲ್ಲ."

ಅವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿ, ನೇರ ಆಫೀಸಿಗೆ ಹೋದಳು.

"ವಾರಂಟಿಗೆ ಕಟ್ಟಲಿಲ್ವಾ?"

ತಮ್ಮ ತಲೆ ಎತ್ತಲಿಲ್ಲ. "ಕಟ್ಟಿದ್ರೆ ಕುರ್ಚಿ ಉಳೀತಿತ್ತು ಅಕ್ಕ, ಕಾರ್ಖಾನೆ ಉಳೀತಿರಲಿಲ್ಲ. ಆರ್ಡರ್ ಎಲ್ಲಿದೆ? ಆರು ತಿಂಗಳು ಹೆಚ್ಚೆಂದ್ರೆ. ಆಮೇಲೆ ಇವರಿಗೆ ಚಿಕ್ಕಾಸೂ ಸಿಗ್ತಿರಲಿಲ್ಲ."

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

"ಅದನ್ನ ನಾನು ಹೇಳಬೇಕಿತ್ತು, ನೀನಲ್ಲ," ಎಂದಳು.

ಸಾಹುಕಾರರಿಗೆ ಬೇಕಿದ್ದದ್ದು ಜಾಗ. ಬೇಗನೆ ಗೇಟಿಗೆ ಬೀಗ ಬಿತ್ತು. ಹೊಸ ಕುಲುಮೆಯನ್ನು ಗ್ಯಾಸಿನಿಂದ ಕೊಯ್ದು ಲಾರಿಗೆ ತುಂಬುವುದನ್ನು ಅವಳು ರಸ್ತೆಯಾಚೆ ನಿಂತು ನೋಡಿದಳು. ತಮ್ಮ ಯಾರದೋ ಪಂಪ್ ಮಾರಲು ಊರೂರು ಅಲೆಯತೊಡಗಿದ. ಅವಳು ನಲ್ಲಿ ತಯಾರಿಸುವ ಶೆಡ್ಡೊಂದರಲ್ಲಿ ತಪಾಸಣೆಗೆ ಸೇರಿದಳು. ಹಳೆಯ ಕೆಲಸಗಾರರು ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದರು. ಅವರ ಮಕ್ಕಳ ಸುದ್ದಿ ಕೇಳುವಾಗ ಅವಳ ಎದೆ ತುಂಬುತ್ತಿತ್ತು. ಬಾಡಿಗೆ ಕೋಣೆಯ ಬೀಗ ತೆಗೆಯುವಾಗ ಮಾರಿದ ಮನೆ ನೆನಪಾಗಿ ಕೋಪ ಉಕ್ಕುತ್ತಿತ್ತು. ತಮ್ಮನ ಫೋನು ಬಂದರೆ ಎತ್ತುತ್ತಿರಲಿಲ್ಲ.

ಒಂದು ಭಾನುವಾರ ಅವನೇ ಬಾಗಿಲಿಗೆ ಬಂದ. ಸೊರಗಿದ್ದ. ಅವಳು ಒಳಗೆ ಕರೆದು ತಟ್ಟೆ ಇಟ್ಟಳು. ಎರಡು ತುತ್ತು ತಿಂದು ಅವನು ಕೇಳಿದ:

"ಅಕ್ಕ, ಕೋಪ ಹೋಯ್ತಾ?"

"ಇಲ್ಲ," ಎಂದಳು ಅವಳು. "ಊಟ ಮಾಡು."