ಎಣ್ಣೆ ಸವರಿ ತಂದ ಲಿವರ್

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಮಧುಗಿರಿಯಲ್ಲಿ, ಬಸ್ ಸ್ಟ್ಯಾಂಡಿನ ಹಾರನ್ ಕೇಳಿಸುವಷ್ಟು ಹತ್ತಿರದಲ್ಲಿತ್ತು. ದನ, ಎಮ್ಮೆ, ಕುರಿ ಸತ್ತರೆ ಯಾವುದರಿಂದ ಸತ್ತವು ಎಂದು ನೋಡುವ ಜಾಗ. ಅಲ್ಲಿದ್ದದ್ದು ಡಾಕ್ಟರು, ನಾನು, ಒಂದು ಸೂಕ್ಷ್ಮದರ್ಶಕ. ಪಾವಗಡದಿಂದ, ಸಿರಾದಿಂದ, ಕೊರಟಗೆರೆಯಿಂದ ಜನ ಸೀಸೆಯಲ್ಲಿ ಏನಾದರೊಂದು ಅಂಗದ ಚೂರು ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಕಂಡಕ್ಟರ್ ಕೇಳಿದರೆ ಉಪ್ಪಿನಕಾಯಿ ಎನ್ನುತ್ತಿದ್ದರಂತೆ.

ನನ್ನ ಕೈಗೆ ಒಗ್ಗಿದ ಕೆಲಸವೆಂದರೆ ಕೊಬ್ಬಿಗೆ ಬಣ್ಣ ಹಾಕುವುದು. ಮಾಮೂಲಿ ಕ್ರಮದಲ್ಲಿ ಚೂರನ್ನು ಸ್ಪಿರಿಟ್ಟಿನಲ್ಲಿ, ಆಮೇಲೆ ಕ್ಸೈಲೀನಿನಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ ತೆಳ್ಳಗೆ ಕೊಯ್ಯುತ್ತೇವೆ. ಅಷ್ಟರಲ್ಲಿ ಕೊಬ್ಬೆಲ್ಲ ಕರಗಿಹೋಗಿರುತ್ತದೆ. ಕಣ್ಣಿಗೆ ಬೀಳುವುದು ಖಾಲಿ ಗುಂಡು ತೂತುಗಳು ಮಾತ್ರ. ಅಲ್ಲಿ ಕೊಬ್ಬಿತ್ತೋ ನೀರಿತ್ತೋ, ತೂತು ನೋಡಿ ಹೇಳಲಾಗುವುದಿಲ್ಲ. ಕೊಬ್ಬನ್ನೇ ನೋಡಬೇಕಾದರೆ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದು, ಸೂಡಾನ್ ಎಂಬ ಕೆಂಪು ಬಣ್ಣದಲ್ಲಿ ನೆನೆಸಬೇಕು. ಆ ಬಣ್ಣಕ್ಕೆ ತಾನಿರುವ ಸ್ಪಿರಿಟ್ಟಿಗಿಂತ ಕೊಬ್ಬೇ ಹೆಚ್ಚು ಇಷ್ಟ. ಅದನ್ನು ಬಿಟ್ಟು ಇದರೊಳಗೆ ಹೋಗಿ ಕೂರುತ್ತದೆ.

ಒಂದು ಬೆಳಗ್ಗೆ ಪಾವಗಡದ ಮೊದಲ ಬಸ್ಸಿಳಿದು ಅತ್ತೆ ಸೊಸೆ ಇಬ್ಬರು ಬಂದರು. ಕುರಿ ಸಾಕುವ ಮನೆಯವರು. ಅತ್ತೆಯ ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ. ಸೊಸೆ ತುಂಬು ಬಸುರಿ, ಕಂಕುಳಲ್ಲಿ ಒಂದು ಬಟ್ಟೆಗಂಟು.

"ಗಬ್ಬದ ಕುರಿ ಒಂದೊಂದೇ ಬೀಳ್ತಾ ಅವೆ ಸೋಮಿ," ಎಂದಳು ಅತ್ತೆ ಡಾಕ್ಟರಿಗೆ. "ಮೇವು ಬುಟ್ಬುಡ್ತವೆ, ತಲೆ ಗೋಡೆಗೆ ಒತ್ಕಂಡು ನಿಂತ್ಕತವೆ, ಆಮ್ಯಾಕೆ ಬಿದ್ದೋಯ್ತವೆ. ಇವ್ಳು ಹಳ್ಳು ಸೊಪ್ಪು ಹಾಕ್ಬುಟ್ಲು, ಅದ್ಕೇ."

ಹಳ್ಳು ಎಂದರೆ ಹರಳು ಗಿಡ. ಅದು ಕುರಿಗೆ ಆಗದು ಎಂದು ಆ ಕಡೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಮಾವ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದನಂತೆ. ಸೊಪ್ಪಿನಿಂದಲೇ ಸತ್ತಿದ್ದು ಎಂದು ಡಾಕ್ಟರು ಹೇಳಿದರೆ ಸೊಸೆಯನ್ನು ಇಲ್ಲಿಂದಲೇ ಕೊರಟಗೆರೆ ಬಸ್ಸು ಹತ್ತಿಸಿ, ಚನ್ನರಾಯನದುರ್ಗದ ಹತ್ತಿರದ ಅವಳ ತವರಿಗೆ ಕಳಿಸುವುದು. ಬಾಣಂತನಕ್ಕಲ್ಲ, ಮತ್ತೆ ಬರಬೇಡ ಎಂದು. ಇಲ್ಲವಾದರೆ ಇಬ್ಬರೂ ಪಾವಗಡದ ಬಸ್ಸು ಹತ್ತುವುದು. ಬಟ್ಟೆಗಂಟು ತಂದಿದ್ದು ಅದಕ್ಕೆ.

ಸೊಸೆ ತಲೆಯೆತ್ತಿದಳು. "ನಾನ್ ಹಾಕಿದ್ದು ಬೇಲಿ ಸೊಪ್ಪು ಸಾರ್. ಅದ್ರಾಗೆ ಒಂದಷ್ಟು ಹಳ್ಳೆಲೆ ಸೇರ್ಕಂಡಿತ್ತು. ಕುರಿ ಹಸ್ಕಂಡು ಅರಚ್ಕಂತಿದ್ವು, ನೋಡಕ್ಕಾಗ್ಲಿಲ್ಲ."

"ಎಲ್ಲಾ ಕುರಿನೂ ತಿಂದ್ವಾ?" ಡಾಕ್ಟರು ಕೇಳಿದರು.

"ಟಗರೂ ತಿಂತು."

"ಟಗರು ಸತ್ತಿತಾ?"

"ಎಲ್ಲಿ ಸಾಯ್ತದೆ," ಎಂದಳು ಅತ್ತೆ. "ನಿನ್ನೆ ನಮ್ಮೆಜಮಾನ್ರನ್ನೇ ಗುಮ್ತು."

ಡಾಕ್ಟರು ನಗಲಿಲ್ಲ. "ಹಸಿದಿದ್ದವು ಅಂದಳಲ್ಲ, ಯಾಕೆ?"

"ಗಬ್ಬದ ಕುರಿಗೆ ಕಡೇ ದಿನದಾಗೆ ಮೇವು ಬಿಗಿ ಮಾಡ್ತೀವಲ್ಲ ಸೋಮಿ. ತಿಂದು ತಿಂದು ಮರಿ ದಪ್ಪ ಆದ್ರೆ ಈಯೋದೆಂಗೆ? ನಮ್ಮತ್ತೆ ಕಾಲದಿಂದ ಇಂಗೇ."

ಡಾಕ್ಟರು ನನ್ನ ಕಡೆ ತಿರುಗಿ, "ಕೊಬ್ಬಿಗೆ ಬಣ್ಣ ಹಾಕಿ ನೋಡಿ. ಲಿವರಿನಲ್ಲಿ ಕೊಬ್ಬು ತುಂಬಿಕೊಂಡಿದ್ದರೆ ಇದು ಸೊಪ್ಪಿನದಲ್ಲ, ಹಸಿವಿನದು," ಎಂದರು.

ಪೊಟ್ಟಣ ಬಿಚ್ಚಿದೆ. ಅರಿಶಿನ ಕಲಸಿದ ಕಡಲೆಕಾಯಿ ಎಣ್ಣೆ ಸವರಿಸಿಕೊಂಡು ಲಿವರ್ ಫಳಫಳ ಹೊಳೆಯುತ್ತಿತ್ತು.

"ಎಣ್ಣೆ ಯಾಕಮ್ಮ ಸವರಿದ್ರಿ?"

"ಕೆಡಬಾರ್ದಲ್ಲ ತಾಯಿ. ಮಾಂಸ ಸಾಯಂಕಾಲದ ಗಂಟ ಇಡ್ಬೇಕಾದ್ರೆ ನಾವ್ ಇಂಗೇ ಮಾಡೋದು. ಗಾಣದ ಎಣ್ಣೆ, ಕಲಬೆರಕೆ ಇಲ್ಲ, ನೋಡು ಬೇಕಾದ್ರೆ."

ಕಲಬೆರಕೆ ಇಲ್ಲದಿದ್ದದ್ದೇ ತೊಂದರೆ. ಸೂಡಾನಿಗೆ ಕುರಿಯ ಕೊಬ್ಬೂ ಒಂದೇ, ಗಾಣದ ಎಣ್ಣೆಯೂ ಒಂದೇ. ಎರಡನ್ನೂ ಕೆಂಪು ಮಾಡುತ್ತದೆ. ಡಾಕ್ಟರು ಹಣೆ ಚಚ್ಚಿಕೊಂಡು, "ಸುತ್ತಲೂ ಕೊಯ್ದು ಬಿಸಾಕಿ, ತಿರುಳು ಮಾತ್ರ ಇಟ್ಟುಕೊಳ್ಳಿ," ಎಂದರು. ಹಲಸಿನ ಹಣ್ಣು ಬಿಡಿಸುವಾಗ ಅಂಟು ತಾಕದಂತೆ ಜೋಪಾನ ಮಾಡುತ್ತೇವಲ್ಲ, ಹಾಗೆ ಹೊರಗಿನದನ್ನೆಲ್ಲ ತೆಗೆದೆ. ಒಂದೊಂದು ಸಲ ಕೊಯ್ದಾಗಲೂ ಚಾಕು ತೊಳೆದೆ, ಎಣ್ಣೆ ಒಳಕ್ಕೆ ಜಾರಬಾರದೆಂದು. ಒಳಗಿನ ಚೂರು ನಸು ಹಳದಿಯಾಗಿತ್ತು, ಒತ್ತಿದರೆ ಬೆಣ್ಣೆಯಂತೆ. ಕೊಬ್ಬು ತುಂಬಿದ ಲಿವರ್ ಹಾಗೇ ಇರುತ್ತದೆ. ಆದರೆ ಅರಿಶಿನ ಕಂಡ ಕಣ್ಣು ಹಳದಿಯನ್ನು ನಂಬುವುದು ಹೇಗೆ? ಚೂರು ಕೆಡದೆ ಗಟ್ಟಿಯಾಗಲೆಂದು ಬಿಸಿ ಫಾರ್ಮಲಿನ್ನಿನಲ್ಲಿ ಇಟ್ಟೆ.

ಹೆಪ್ಪುಗಟ್ಟಿಸಲು ಹೋದರೆ ಗ್ಯಾಸ್ ಮುಗಿದಿತ್ತು. ಹಾಗಾದಾಗಲೆಲ್ಲ ನಮಗೆ ದಿಕ್ಕು ಎದುರಿನ ಗೋಲಿ ಸೋಡಾ ಅಂಗಡಿ. ಸೋಡಾಕ್ಕೆ ತುಂಬುವ ಗ್ಯಾಸನ್ನೇ ರಭಸವಾಗಿ ಬಿಟ್ಟು ಚೂರನ್ನು ಹೆಪ್ಪುಗಟ್ಟಿಸುವುದು ನಮ್ಮ ಕೊಯ್ಯುವ ಯಂತ್ರ. ಅಂಗಡಿಯವರು ಸಿರಾ ಕಡೆಯ ಸಾಬರು.

"ಕ್ಯಾ ಮೇಡಂ, ಇವತ್ತು ಯಾರಿಗೆ ಸೋಡಾ? ಎಮ್ಮೆಗಾ?"

"ಕುರಿಗೆ."

"ಶುಂಠಿ ಹಾಕ್ಬೇಕಾ, ಸಾದಾ ಸಾಕಾ?" ಎನ್ನುತ್ತಲೇ ಸಿಲಿಂಡರನ್ನು ಉರುಳಿಸಿಕೊಂಡು ಬಂದರು. ಅವರಲ್ಲಿ ಅದು ನೆಟ್ಟಗೆ ನಿಲ್ಲುತ್ತದೆ, ನಮ್ಮಲ್ಲಿ ತಳದ ದ್ರವವೇ ಹೊರಬರುವಂತೆ ತಲೆಕೆಳಗು ಮಾಡಬೇಕು. ಹಾಗೆ ಮಾಡಿದಾಗಲೆಲ್ಲ ಅವರು "ತೋಬಾ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಊಟದ ಹೊತ್ತಾಯಿತು. ನಾನು ಜಗುಲಿಯಲ್ಲಿ ಡಬ್ಬಿ ಬಿಚ್ಚಿದೆ. ಅತ್ತೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ರಾಗಿಮುದ್ದೆ ತೆಗೆದು, ತಾನೊಂದು ಇಟ್ಟುಕೊಂಡು, ಇನ್ನೊಂದನ್ನು ಮುರಿದು ಅರ್ಧವನ್ನು ಸೊಸೆಗೆ ಕೊಟ್ಟಳು. ಉಳಿದರ್ಧವನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿದಳು. ಅದರಲ್ಲಿ ಸಿಟ್ಟಾಗಲಿ ಜಿಪುಣತನವಾಗಲಿ ಇರಲಿಲ್ಲ. ಉಪ್ಪೆಸರು ಸೊಸೆಗೇ ಹೆಚ್ಚು ಬಿಟ್ಟಳು. ಸೊಸೆ ಆ ಅರ್ಧವನ್ನು ಸಣ್ಣ ಸಣ್ಣ ತುತ್ತು ಮಾಡಿ ತಿಂದು, ಬೆರಳು ನೆಕ್ಕಿ, ಮುದ್ದೆ ಕಟ್ಟಿದ್ದ ಬಟ್ಟೆಯ ಕಡೆ ನೋಡದೆ ಕುಳಿತಳು. ನನ್ನ ಬಸಿರಿನ ಕಡೇ ತಿಂಗಳಲ್ಲಿ ನಮ್ಮತ್ತೆಯೂ ಅನ್ನ ಬಡಿಸುವ ಕೈಯನ್ನು ಹಿಂದಕ್ಕೆಳೆದು, "ಸಾಕು ಕಣೇ, ಮಗು ದೊಡ್ಡದಾದರೆ ಕಷ್ಟ," ಎನ್ನುತ್ತಿದ್ದರು. ನಾನೂ ಸಾಕು ಎಂದುಕೊಂಡು ಏಳುತ್ತಿದ್ದೆ. ಅದು ಯೋಚಿಸಬೇಕಾದ ಮಾತು ಎಂದು ಅಲ್ಲಿಯವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ.

ಒಳಗೆ ಹೋಗಿ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದೆ. ತೆಳು ಪದರಗಳು ನೀರಿನಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ತೇಲಿದವು. ಸೂಡಾನಿನ ಬಟ್ಟಲಿಗೆ ಹಾಕಿ, ಸ್ಪಿರಿಟ್ ಆರದಂತೆ ಮುಚ್ಚಿಟ್ಟೆ. ಆಮೇಲೆ ಜೀವಕೋಶದ ನಡುಬೀಜ ಕಾಣಲೆಂದು ನೀಲಿ. ಕೊನೆಗೆ ಗ್ಲಿಸರಿನ್ನಿನಲ್ಲಿ ಕೂರಿಸಿ ಗಾಜು ಮುಚ್ಚಿದೆ, ಮೆಲ್ಲಗೆ. ಒತ್ತಿದರೆ ಕೊಬ್ಬಿನ ಹನಿಗಳು ಒಂದಕ್ಕೊಂದು ಕೂಡಿಬಿಡುತ್ತವೆ. ಹೋಲಿಸಲೆಂದು ಎಣ್ಣೆ ತಾಗಿದ ಅಂಚಿನದೂ ಒಂದು ಗಾಜು ಮಾಡಿದೆ.

ಡಾಕ್ಟರು ಎರಡನ್ನೂ ಬಹಳ ಹೊತ್ತು ನೋಡಿ, ನನಗೂ ನೋಡಲು ಹೇಳಿದರು. ಅಂಚಿನದರಲ್ಲಿ ಕೆಂಪು ಎಲ್ಲೆಂದರಲ್ಲಿ ಚೆಲ್ಲಿತ್ತು, ಕೋಶಗಳ ಮೇಲೆ, ಸಂದಿಯಲ್ಲಿ, ಗಾಜಿನ ಮೇಲೂ. ತಿರುಳಿನದರಲ್ಲಿ ಹಾಗಿರಲಿಲ್ಲ. ಒಂದೊಂದು ಕೋಶದ ಒಳಗೂ ಗುಂಡಾದ ಕೆಂಪು ಹನಿಗಳು, ನೀಲಿ ಬೀಜವನ್ನು ಗೋಡೆಯ ಪಕ್ಕಕ್ಕೆ ತಳ್ಳಿ ತುಂಬಿಕೊಂಡಿದ್ದವು. ಮೇಲೆ ಸವರಿದ್ದು ಹೀಗೆ ಮನೆ ಮನೆಯೊಳಗೆ ಹೋಗಿ ಕೂರಲಾರದು.

ಅತ್ತೆಯೂ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಏಮಮ್ಮಾ ಇದಿ!" ಆಶ್ಚರ್ಯವಾದರೆ ಪಾವಗಡದ ಕಡೆಯವರಿಗೆ ತೆಲುಗು ಬರುತ್ತದೆ. "ದಾಳಿಂಬೆ ಬಿಚ್ಚಿಟ್ಟಂಗೈತೆ. ಇಷ್ಟು ಕೊಬ್ಬೈತಲ್ಲ, ಇದು ಹಸಿದಿದ್ದೆಂಗೆ ಆಯ್ತದೆ ಸೋಮಿ?"

"ಹಸಿದಿದ್ದಕ್ಕೇ ಅಮ್ಮ. ಹೊಟ್ಟೆಯಲ್ಲಿ ಮರಿ ಎಷ್ಟಿತ್ತು?"

"ಎಲ್ಡು. ಸತ್ತವ್ಕೆಲ್ಲ ಅವಳಿ."

"ಮರಿ ಬೆಳೀಬೇಕು, ತಾಯಿಗೆ ಮೇವಿಲ್ಲ. ತಾಯಿ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಕೊಡ್ತಾಳೆ. ಅದೆಲ್ಲ ಲಿವರಿಗೆ ಬಂದು ತುಂಬಿಕೊಳ್ಳುತ್ತೆ. ಲಿವರ್ ಸೋತರೆ ಕುರಿ ಬೀಳುತ್ತೆ. ಸೊಪ್ಪು ಕೊಂದಿದ್ದರೆ ಟಗರನ್ನೂ ಕೊಲ್ತಿತ್ತು. ಉಳಿದ ಗಬ್ಬದ ಕುರಿಗಳಿಗೆ ಇವತ್ತಿನಿಂದಲೇ ಮೇವು ಬಿಡಿ, ಬೆಲ್ಲದ ನೀರು ಕುಡಿಸಿ."

ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆ ಜಗುಲಿಗೆ ಹೋಗಿ ಕುಳಿತಳು. ನಾನು ಬಟ್ಟಲುಗಳನ್ನು ತೊಳೆಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ಅವಳು ಸೊಸೆಯನ್ನು ಹತ್ತಿರ ಕರೆದು, ಮುದ್ದೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಆ ಅರ್ಧ ಮುದ್ದೆಯನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು.

"ತಿನ್ನು."

"ಕೂಸು ದಪ್ಪ ಆಯ್ತದಲ್ಲತ್ತೆ."

"ಆದ್ರೆ ಆಗ್ಲಿ, ತಿನ್ನೇ. ಮಾತಾಡ್ತಾಳೆ."

ಸೊಸೆ ತಿನ್ನತೊಡಗಿದಳು. ಬಸ್ ಸ್ಟ್ಯಾಂಡಿನಲ್ಲಿ ಕೊರಟಗೆರೆ ಕೊರಟಗೆರೆ ಎಂದು ಕೂಗುವುದು ಕೇಳಿಸಿತು. ಅವಳ ಕೈ ಬಾಯಿಯ ಹತ್ತಿರ ನಿಂತಿತು. ಅತ್ತೆ ಬಟ್ಟೆಗಂಟನ್ನು ತನ್ನ ಕಡೆ ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು.

"ಅದೋಗ್ಲಿ ಬುಡು. ನಮ್ದು ಹಿಂದ್ಲ ಬಸ್ಸು."