ವೇಲ್ಸಿನ ಕೋಟೆಗೆ ದೋಹಾದಲ್ಲಿ ಬಂದ ನೀರು

ಭೂತ, ಪ್ರೇತ, ಮಾಟ, ಮಂತ್ರ ಎಂದವರನ್ನು ನಾನು ಎದುರಿಗೇ ಗೇಲಿ ಮಾಡುತ್ತಿದ್ದವನು. ಈಗಲೂ ಅವುಗಳನ್ನು ನಂಬುವುದಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ದೋಹಾದಲ್ಲಿ ನಡೆದ ಈ ಒಂದು ಸಂಗತಿಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದು. ನೆನೆದರೆ ಹೆದರಿಕೆಯಾಗುವುದಿಲ್ಲ, ಮೈಯೆಲ್ಲ ಉರಿಯುತ್ತದೆ.

ದೋಹಾದ ಅಲ್ ಮುಂತಜಾ ಬಡಾವಣೆಯ ಒಂದು ಕಟ್ಟಡ ವಿನ್ಯಾಸದ ಆಫೀಸಿನಲ್ಲಿ ನಾನು ಮಾಡೆಲ್ ಮಾಡುವವನಾಗಿದ್ದೆ. ಬಂಗಲೆ, ಮಸೀದಿ, ಅಂಗಡಿ ಸಾಲು, ಎಲ್ಲವನ್ನೂ ಪ್ಲೈವುಡ್ಡು ಮತ್ತು ಪ್ಲಾಸ್ಟರಿನಲ್ಲಿ ಚಿಕ್ಕದಾಗಿ ಕಟ್ಟಿಕೊಡುವ ಕೆಲಸ. ಊರಿನಲ್ಲಿ, ಕಾರ್ಕಳದ ಹತ್ತಿರ, ಹೆಂಡತಿಗೆ ಏಳು ತಿಂಗಳು. ಮೊದಲ ಬಸುರು. ಸೀಮಂತಕ್ಕೆ ದಿನ ನೋಡಿಯಾಗಿತ್ತು, ರಜೆಯೂ ಬಾಯಿಮಾತಿನಲ್ಲಿ ಸಿಕ್ಕಿತ್ತು. ಅಷ್ಟರಲ್ಲಿ ನಮ್ಮ ಮುದೀರ್, ಅಂದರೆ ಮ್ಯಾನೇಜರ್, ತಮ್ಮ ಊರಿನ ಕೋಟೆಯ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ನಿವೃತ್ತರಾಗಿ ಹೋಗುವಾಗ ಅದರ ಮಾಡೆಲ್ ಕೊಂಡೊಯ್ಯಬೇಕಂತೆ. ಅದು ಮುಗಿದ ಮೇಲೆಯೇ ನನ್ನ ರಜೆಗೆ ಸಹಿ, ಪಾಸ್‌ಪೋರ್ಟ್ ಕೈಗೆ.

ಅವರು ವೇಲ್ಸಿನವರು. ಯಾರಾದರೂ ಇಂಗ್ಲೆಂಡಿನವರು ಎಂದರೆ ಸಿಡುಕುತ್ತಿದ್ದರು. ಆ ಕೋಟೆಯನ್ನು ಕಟ್ಟಿಸಿದ್ದೇ ಇಂಗ್ಲೆಂಡಿನ ರಾಜ, ಏಳುನೂರು ವರ್ಷಗಳ ಹಿಂದೆ, ಇವರ ಜನರನ್ನು ಹದ್ದುಬಸ್ತಿನಲ್ಲಿಡುವುದಕ್ಕೆ. ಆದರೂ ಇವರಿಗೆ ಅದರ ಮೇಲೆ ಎಂಥ ಹೆಮ್ಮೆ! ಒಂದರೊಳಗೊಂದು ಎರಡು ಸುತ್ತು ಗೋಡೆ. ಒಳಗಿನದು ಎತ್ತರ, ಎರಡರ ಮೇಲಿನಿಂದಲೂ ಒಟ್ಟಿಗೆ ಬಾಣ ಬಿಡಬಹುದು. ಮೂಲೆಗೊಂದು ದುಂಡು ಬುರುಜು. ಹೆಬ್ಬಾಗಿಲಿನ ಚಾವಣಿಯಲ್ಲಿ ತೂತುಗಳು, ಕೆಳಗೆ ಸಿಕ್ಕಿಬಿದ್ದವರ ತಲೆಯ ಮೇಲೆ ಕಲ್ಲು ಸುರಿಯಲು. ವೇಲ್ಸಿನ ಜನ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಒಳಗಿದ್ದ ಬೆರಳೆಣಿಕೆಯ ಸೈನಿಕರು ಬಗ್ಗಲಿಲ್ಲವಂತೆ.

"ಹಾಗಾದರೆ ಕುಡಿಯುವ ನೀರಿಗೆ ಏನು ಮಾಡಿದರು ಸರ್? ಬಾವಿ ಎಲ್ಲಿ?" ಎಂದು ಕೇಳಿದೆ. ನಮ್ಮ ಕಡೆ ಮೊದಲು ಬಾವಿ ತೋಡುತ್ತಾರೆ, ಆಮೇಲೆ ಮನೆಗೆ ಕಲ್ಲು ಇಡುತ್ತಾರೆ.

"ನಕ್ಷೆಯಲ್ಲಿ ಇಲ್ಲ. ಇದ್ದಷ್ಟು ಮಾಡು," ಎಂದರು.

ಮಾಡಿದೆ. ಕೋಟೆಯ ಒಳಾಂಗಣಕ್ಕೆ ಪ್ಲಾಸ್ಟರ್ ಎಳೆದು, ಹುಲ್ಲಿನ ಬಣ್ಣ ಹಚ್ಚಿ ರೂಮಿಗೆ ಹೋದೆ. ಬೆಳಿಗ್ಗೆ ನೋಡಿದರೆ ಅಂಗಳದ ಒಂದು ಮೂಲೆ ಒದ್ದೆ, ಬಣ್ಣ ಎದ್ದು ಬಂದಿದೆ. ಚಹಾ ತರುವ ಹಮೀದಾಕನ ಮೇಲೆ ಹರಿಹಾಯ್ದೆ. ಉಪ್ಪಿನಂಗಡಿಯ ಬ್ಯಾರಿ, ನನಗಿಂತ ಹಿರಿಯರು.

"ನನ್ನ ಮೇಲೆ ಎಂತಕ್ಕೆ ಆಚಾರ್ರೇ? ಚಾ ಚೆಲ್ಲಿದ್ರೆ ಕಲೆ ಬೀಳ್ತಿತ್ತು. ಇದು ಬರೀ ನೀರು ಮಾರಾಯ್ರೆ," ಎಂದರು.

ಕೆರೆದು ಮತ್ತೆ ಪ್ಲಾಸ್ಟರ್ ಹಾಕಿದೆ. ಮರುದಿನ ಅಲ್ಲೇ ಒದ್ದೆ. ಏಸಿಯಿಂದ ತೊಟ್ಟಿಕ್ಕುತ್ತಿರಬೇಕೆಂದು ಮಾಡೆಲನ್ನು ಬೇರೆ ಕೋಣೆಗೆ ಸಾಗಿಸಿದೆವು. ಅಲ್ಲಿಯ ಏಸಿಯನ್ನೂ ಆರಿಸಿ ಸೆಕೆಯಲ್ಲಿ ಬೆಂದೆ. ನಿಮ್ಮ ಬೆವರೇ ಬಿದ್ದಿರಬೇಕು ಎಂದು ಹಮೀದಾಕ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಪ್ಲೈವುಡ್ಡಿನ ಅಡಿಭಾಗ ಮುಟ್ಟಿದೆ, ಒಣಗಿತ್ತು. ಮೇಜೂ ಒಣಗಿತ್ತು. ಮಳೆಯೇ ಅಪರೂಪವಾದ ದೇಶದಲ್ಲಿ ಈ ಅಂಗೈಯಗಲದ ಜಾಗಕ್ಕೆ ಮಾತ್ರ ಎಲ್ಲಿಂದ ನೀರು? ಇತ್ತ ವಿಮಾನದ ದಿನ ಹತ್ತಿರ ಬಂದೇಬಿಟ್ಟಿತ್ತು.

ಕೊನೆಗೆ ತಲೆಕೆಟ್ಟು, "ನಿನಗೆ ಬಾವಿ ಬೇಕು ತಾನೆ? ತಗೋ!" ಎಂದು ಆ ಕೋಟೆಗೇ ಬೈದು, ಅಲ್ಲೇ ತೂತು ಕೊರೆದು, ಸುತ್ತ ಪುಟ್ಟ ಕಟ್ಟೆ ಕಟ್ಟಿದೆ. ಖಲಾಸ್. ಮರುದಿನ ಒಂದು ಹನಿ ಇಲ್ಲ. ಬಾವಿ ತೋಡಿದ ಮೇಲೆ ನೀರು ಬತ್ತುವುದು, ಇದು ಯಾವ ಊರಿನ ನ್ಯಾಯ?

ಮುದೀರ್ ಬಂದು ನೋಡಿ ಕೆಂಡವಾದರು. ತಾನು ಆ ಕೋಟೆಯ ಪಕ್ಕದಲ್ಲೇ ಬೆಳೆದವನು, ಅಲ್ಲಿ ಬಾವಿಯ ಗುರುತೂ ಇಲ್ಲ, ಮುಚ್ಚು ಎಂದರು.

"ಸರ್, ನಾಳೆ ನನ್ನ ವಿಮಾನ."

"ಮುಚ್ಚು, ಸಹಿ ಹಾಕುತ್ತೇನೆ."

ಮುಚ್ಚಿದೆ. ಪ್ಲಾಸ್ಟರ್ ಒಣಗಿ ಬಣ್ಣ ಹಚ್ಚುವವರೆಗೆ ಅವರೂ ಅಲ್ಲೇ ಕುಳಿತರು. ನಮ್ಮಿಬ್ಬರ ಕಣ್ಣೆದುರಿಗೇ ಹಸಿರು ಕಪ್ಪಾಯಿತು, ನೀರು ಮೆಲ್ಲನೆ ಮೇಲೆ ಬಂದು ನಿಂತಿತು. ಅವರು ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡರು. ನಾನೂ ಮುಟ್ಟಿದೆ. ಆ ಬೇಸಿಗೆಯಲ್ಲಿ ದೋಹಾದ ನಲ್ಲಿಯಲ್ಲಿ ಬರುವುದೇ ಬಿಸಿನೀರು. ಇದು ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಅವರು ತಟ್ಟನೆ ಎದ್ದು ಹೋದರು, ಸಹಿಯನ್ನೂ ಹಾಕದೆ! ಎರಡು ದಿನ ಆಫೀಸಿನ ಕಡೆ ತಲೆಹಾಕಲಿಲ್ಲ. ನನ್ನ ವಿಮಾನ ನನ್ನನ್ನು ಬಿಟ್ಟು ಹೋಯಿತು. ಮೂರನೆಯ ದಿನ ಬಂದು, "ಬಾವಿ ಇರಲಿ," ಎಂದಷ್ಟೇ ಹೇಳಿ ಸಹಿ ಗೀಚಿದರು.

ನಾನು ಊರು ಮುಟ್ಟುವಾಗ ಸೀಮಂತ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಹೆಂಡತಿ ತವರಿಗೆ ಹೊರಟುಹೋಗಿದ್ದಳು. ಅಲ್ಲಿಗೆ ಓಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬಳೆ ತುಂಬಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಮರಳುಗಾಡಿನಲ್ಲಿ ನೀರು ಬಂತು ಅಂತ ತಡ ಆಯ್ತಾ? ಸುಳ್ಳು ಹೇಳುವುದಾದ್ರೆ ಸ್ವಲ್ಪ ಚಂದದ್ದು ಹೇಳ್ಬಾರ್ದಾ?" ಎಂದು ಅತ್ತಳು.

ಆ ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಮಕ್ಕಳಾಗಿವೆ. ಮಾತಿಗೆ ಮಾತು ಬೆಳೆದಾಗ ಹೆಂಡತಿ ಈಗಲೂ ಅಲ್ಲಿಗೇ ಬಂದು ನಿಲ್ಲುತ್ತಾಳೆ: "ಮೊದಲು ಆ ನೀರು ಎಲ್ಲಿಂದ ಬಂತು ಹೇಳಿ." ನನಗೆ ಗೊತ್ತಿದ್ದರೆ ತಾನೆ ಹೇಳುವುದು!